ಬೀದಿಯ ಕೊನೆಯ ಮನೆ

ವಾರವೆಲ್ಲ ಸೈಕಲ್ಲಿಗೆ ಪಂಕ್ಚರ್ ಹಾಕುವ ಮನುಷ್ಯ, ರಜಾದಿನ ಬಂತೆಂದರೆ ಜನರನ್ನು ಕಟ್ಟಿಕೊಂಡು ಮುಳುಗಡೆ ಊರಿನ ದಾರಿ ಹಿಡಿಯುತ್ತಿದ್ದ. ಬೇಸಿಗೆಯಲ್ಲಿ ಅಣೆಕಟ್ಟಿನ ನೀರು ಇಳಿದರೆ ಹಳೆಯ ಬೀದಿಗಳು ಎದ್ದು ಕೂರುತ್ತವೆ. ಇದು ಗಾಣದ ಮನೆ, ಇದು ಶಾಲೆ, ಇದು ಸೇದೋ ಬಾವಿ ಎಂದು ತೋರಿಸುತ್ತ ನಡೆಯುವುದು ಅವನಿಗೆ ಗೀಳು. ಬಂದವರೆಲ್ಲ ಅವನನ್ನು ದಾರಿಮಾವ ಎನ್ನುತ್ತಿದ್ದರು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಯಾರಾದರೂ ಗೋಡೆ ಹತ್ತಿ ಫೋಟೊಗೆ ನಿಂತರೆ, "ಇಳಿಯಪ್ಪಾ ಕೆಳಗೆ, ನಿಮ್ಮನೆ ಅಟ್ಟಕ್ಕೆ ನಾನು ಬಂದು ಹತ್ತಲಾ?" ಎಂದು ಗದರುವನು.

ಊರು ಬಿಟ್ಟಾಗ ಅವನಿಗಿನ್ನೂ ಚಡ್ಡಿ ನಿಲ್ಲಿಸಿಕೊಳ್ಳಲು ಬಾರದ ವಯಸ್ಸು. ನೆನಪಿದ್ದದ್ದು ಇಷ್ಟೇ: ಬೀದಿಯ ಕೊನೆಯ ಮನೆ, ಅದರಾಚೆ ನೀರು. ಅವನ ತಾಯಿ ಹೊಸ ಕಾಲೋನಿಯ ತಗಡಿನ ಕೋಣೆಯಲ್ಲಿ, "ನನ್ನ ಮನೆಗೆ ಕರ್ಕೊಂಡು ಹೋಗ್ರೋ" ಎನ್ನುತ್ತಲೇ ಕಣ್ಣು ಮುಚ್ಚಿದ್ದಳು. ಅದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ನೀರಂಚಿನಲ್ಲಿ ಉಳಿದಿದ್ದ ಕೊನೆಯ ಮನೆಯನ್ನು ಗುರುತು ಹಿಡಿದು, ಬಿದ್ದ ಗೋಡೆಗಳನ್ನು ಬೇಸಿಗೆ ಬೇಸಿಗೆಗೂ ಕೈಯಾರೆ ಎಬ್ಬಿಸಿದ. ಕಲ್ಲು ಸಾಲದೇ ಹೋಯಿತು. ನೀರು ತೀರಾ ಇಳಿದ ವರ್ಷಗಳಲ್ಲಿ ಹೂಳಿನ ಬಯಲಿನಾಚೆ ಇನ್ನೊಂದು ಪಾಳುಮನೆ ತಲೆ ಎತ್ತುತ್ತಿತ್ತು. ಯಾವುದೋ ಬೇರೆ ಕೇರಿಯದು ಎಂದುಕೊಂಡ. ಹೇಗೂ ಮತ್ತೆ ಮುಳುಗುವ ಕಲ್ಲು, ತಂದರೆ ಯಾರಪ್ಪನ ಗಂಟು ಹೋಗುತ್ತದೆ? ಹೂಳು ಒಣಗಿ ಗಟ್ಟಿಯಾದಾಗ ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು ಕಟ್ಟಿದ.

ಅಕ್ಕ ಅವನಿಗಿಂತ ಬಹಳ ದೊಡ್ಡವಳು. ಎಷ್ಟು ಕರೆದರೂ, "ಮುಳುಗಿದ್ದು ಮುಳುಗ್ತು, ಅದನ್ನ ಒಣಗಿಸಿ ಏನ್ಮಾಡ್ತೀಯೋ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಈ ಸಲ ಕಣ್ಣಿನ ಆಪರೇಷನ್ ಆಗಿತ್ತು. "ಹೊಸ ಕಣ್ಣು ಬಂದಿದೆ, ನಡಿ, ನಿನ್ನ ಅರಮನೆ ನೋಡೇಬಿಡೋಣ" ಎಂದು ತಾನೇ ಹೊರಟಳು.

ಆ ದಿನ ಅವನ ಕಾಲು ನೆಲದ ಮೇಲಿರಲಿಲ್ಲ. ಹಿಂದೆ ಬರುತ್ತಿದ್ದವರಿಗೆಲ್ಲ, "ನಮ್ಮಕ್ಕ, ಹುಷಾರಾಗಿ ದಾರಿ ಬಿಡ್ರಪ್ಪ" ಎನ್ನುವುದೇನು, ಅವಳ ಚಪ್ಪಲಿಗೆ ಮೆತ್ತಿದ ಕೆಸರು ಕೆರೆಯುವುದೇನು. ಮನೆ ಮುಂದೆ ನಿಂತು ಎಂದಿನಂತೆ ಶುರುಮಾಡಿದ. "ಇದು ನಾನು ಹುಟ್ಟಿದ ಮನೆ. ಇಲ್ಲಿ ನಮ್ಮಮ್ಮ..."

ಅಕ್ಕ ಮನೆಯನ್ನು ನೋಡಲಿಲ್ಲ. ಬಾಗಿ ಹೊಸ್ತಿಲ ಕಲ್ಲಿನ ಮೇಲಿದ್ದ ಒಂದು ಕುಳಿಯೊಳಗೆ ಬೆರಳಿಟ್ಟಳು.

"ಈ ಕಲ್ಲು ಎಲ್ಲಿಂದ ತಂದ್ಯೋ?"

"ಅಲ್ಲಿ ಕೆಳಗಿಂದ. ಚೆನ್ನಾಗಿದೆ ಅಂತ ಹೊಸ್ತಿಲಿಗೆ ಹಾಕಿದೆ. ಯಾಕೆ?"

"ಕಾಡುಬಾದಾಮಿ ಜಜ್ಜಿ ಜಜ್ಜಿ ಈ ಕುಳಿ ಮಾಡಿದ್ದು ನಾನು. ಅಪ್ಪ ನನ್ನ ಕಿವಿ ಹಿಂಡಿದ್ದು ಇದೇ ಕಲ್ಲಿನ ಮೇಲೆ ಕೂರಿಸ್ಕೊಂಡು." ಅವಳು ಸೊಂಟ ಹಿಡಿದು ಮೇಲೆದ್ದಳು. "ಬೀದಿ ಇಲ್ಲಿಗೆ ಮುಗಿತಿರ್ಲಿಲ್ಲ ಕಣೋ. ಹೂಳು ತುಂಬಿದೆ, ಅಷ್ಟೇ. ನೀನು ಕಲ್ಲು ಕಿತ್ತು ತಂದ್ಯಲ್ಲ, ಅದು ನಮ್ಮನೆ. ಇದು ಚರಂಡಿ ವಿಷಯಕ್ಕೆ ನಮ್ಮ ಜೊತೆ ಜಗಳ ಆಡ್ತಿದ್ದವರದು. ಅಪ್ಪ ಈ ದಿಕ್ಕಿಗೆ ಮುಖ ಹಾಕಿ ಮಲಗ್ತಾ ಇರ್ಲಿಲ್ಲ."

ಯಾರೋ ಕಿಸಕ್ಕನೆ ನಕ್ಕು, ಅವನ ಮುಖ ನೋಡಿ ನುಂಗಿಕೊಂಡರು.

"ಸುಳ್ಳು" ಎಂದ ಅವನು. "ಕಣ್ಣು ಸರಿಯಾಗಿಲ್ಲ ನಿಂಗೆ. ಆ ಡಾಕ್ಟರ್ ಏನೋ ಎಡವಟ್ಟು ಮಾಡಿದಾನೆ."

"ಬೆರಳಿಗೆ ಆಪರೇಷನ್ ಮಾಡಿಲ್ಲವಲ್ಲ."

ಅವನು ಮೂಲೆಯಲ್ಲಿದ್ದ ಹಾರೆಕೋಲು ತಂದು ಹೊಸ್ತಿಲಿನಡಿ ತೂರಿಸಿ ಮೀಟಿದ. ಈಗಲೇ ಹೊತ್ತುಕೊಂಡು ಹೋಗಿ ಎಲ್ಲಿತ್ತೋ ಅಲ್ಲೇ ಇಡುತ್ತೇನೆ ಎಂದು ಹಲ್ಲು ಕಚ್ಚಿದ. ಕಲ್ಲು ಮಿಸುಕಿತು. ಅದರ ಜೊತೆಗೆ ಬಾಗಿಲ ಪಕ್ಕದ ಗೋಡೆಯೂ ಹೊಟ್ಟೆ ಉಬ್ಬಿಸಿ, ದಡದಡನೆ ಅರ್ಧಕ್ಕರ್ಧ ಜಾರಿ ಬಿತ್ತು. ಜನ ಚೆದುರಿ ಹಿಂದೆ ಸರಿದರು.

"ಬಿಡೋ" ಎಂದಳು ಅಕ್ಕ. "ಒಂದೇ ಮನೆನ ಎಷ್ಟು ಸಲ ಕೆಡವ್ತೀಯ?"

ಹಾರೆಕೋಲು ಅವನ ಕೈಯಿಂದ ಜಾರಿತು. ನಡೆಯಲು ಬಂದಿದ್ದ ಹೆಂಗಸೊಬ್ಬಳು ನೀರಿನ ಬಾಟಲಿ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಎಲ್ಲರನ್ನೂ ದಂಡೆಯ ಮೇಲಿನ ಮರದ ನೆರಳಿಗೆ ಹೋಗಿ ಕೂರಿ ಎಂದು ಕೈಯಲ್ಲೇ ಅಟ್ಟಿ, ಅಕ್ಕನ ರಟ್ಟೆ ಹಿಡಿದು ಹೂಳಿನ ಬಯಲು ದಾಟಿಸಿದ. ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತಿತ್ತು.

ಅಲ್ಲಿ ಈಗ ಮನೆ ಎನ್ನುವಂಥದ್ದೇನೂ ಇರಲಿಲ್ಲ. ಪಾಯದ ಗೆರೆ, ಒಡೆದ ಒಲೆಯ ಕಲ್ಲು, ಮೀನು ಹಿಡಿಯುವವರು ಬಿಟ್ಟುಹೋದ ಬಲೆಯ ಚಿಂದಿ. ಕೊನೆಗೆ ಅವನೇ ಕೇಳಿದ.

"ಅಮ್ಮ ಎಲ್ಲಿ ಮಲಗ್ತಿದ್ಲು ಅಕ್ಕ?"

ಅಕ್ಕ ತುಸು ಹೊತ್ತು ನೆಲ ಅಳೆದಳು. ಆಮೇಲೆ ನೀರಿನ ಕಡೆಗೆ ಕೈ ತೋರಿಸಿದಳು. "ಅಲ್ಲಿ. ಆ ಗೋಡೆಗೆ ಆತ್ಕೊಂಡು. ನಿನ್ನನ್ನ ಗೋಡೆ ಕಡೆ ಹಾಕ್ಕೊಳ್ಳೋಳು, ಉರುಳಿ ಬೀಳ್ತೀಯ ಅಂತ."

ಆ ಕಡೆ ಗೋಡೆ ಇರಲಿಲ್ಲ. ಕಲ್ಲುಗಳು ಸಡಿಲವಾಗಿವೆ, ಬಿಚ್ಚಲು ಸುಲಭ ಎಂದು ಎಲ್ಲಕ್ಕಿಂತ ಮೊದಲು ಅವನು ಖಾಲಿ ಮಾಡಿದ್ದು ಅದನ್ನೇ.