ನೋವಿನ ಜಾಗ ಸಿಕ್ಕ ದಿನ

ತಿಪಟೂರಿನ ಕಾಲೇಜಿನಲ್ಲಿ ಓದುವಾಗ ಒಂದು ಸಂಜೆ ಖೋ-ಖೋ ಆಡುತ್ತಾ ಕಂಬ ಸುತ್ತಿ ತಿರುಗಿದೆ. ಪಾದ ಮಣ್ಣಿನಲ್ಲಿ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಬಲತೊಡೆಯ ಸಂದಿಯಲ್ಲಿ ಏನೋ ಚಟ್ಟೆಂದಿತು. ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗಿತ್ತು. ಆದರೆ ವರ್ಷ ಕಳೆದರೂ ನೋವು ಬಿಡಲಿಲ್ಲ. ಊಟಕ್ಕೆ ಕೂತರೆ ಏಳಲು ಗೋಡೆ ಹಿಡಿಯಬೇಕಿತ್ತು. ಸೊಂಟ ಉಳುಕಿದೆ ಎಂದು ಎಲ್ಲರೂ ಹೇಳಿದರು; ಅಮ್ಮ ಬಿಸಿ ಕೊಬ್ಬರಿ ಎಣ್ಣೆಯಲ್ಲಿ ಸೊಂಟ ತಿಕ್ಕಿದ್ದೇ ತಿಕ್ಕಿದ್ದು.

ಅಷ್ಟರಲ್ಲಿ ತುಮಕೂರಿನಿಂದ ಮೂಳೆ ಡಾಕ್ಟರೊಬ್ಬರು ವಾರಕ್ಕೊಮ್ಮೆ ತಿಪಟೂರಿಗೆ ಬರತೊಡಗಿದರು. ಅಮ್ಮ ನನ್ನನ್ನು ಕರೆದುಕೊಂಡು ಹೋದಳು.

"ಎಲ್ಲಿ ನೋವು, ತೋರಿಸಮ್ಮ," ಎಂದರು.

ಹೆಬ್ಬೆರಳು ಹಿಂದಕ್ಕೆ, ನಾಲ್ಕು ಬೆರಳು ಮುಂದಕ್ಕೆ ಮಾಡಿ ತೊಡೆಯ ಬುಡವನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆ. ಆ ಹಿಡಿತ ಕಂಡದ್ದೇ ಏನೋ ಹೊಳೆದಂತೆ ಅವರ ಕಣ್ಣು ಅರಳಿತು. ನನ್ನನ್ನು ಮಲಗಿಸಿ, ಮಂಡಿಯನ್ನು ಎದೆಯತ್ತ ಮಡಿಸಿ, ಮೆಲ್ಲಗೆ ಒಳಕ್ಕೆ ತಿರುಗಿಸಿದರು.

"ಅದೇ, ಅದೇ ನೋವು ಡಾಕ್ಟ್ರೇ," ಎಂದು ಕೂಗಿಬಿಟ್ಟೆ. ನೋವಿನಲ್ಲೂ ನಗು ಉಕ್ಕಿತು. ಅದು ಎಲ್ಲಿದೆಯೆಂದು ಕೊನೆಗೂ ಒಬ್ಬರಿಗೆ ಗೊತ್ತಾಗಿತ್ತು.

"ಇದು ಸೊಂಟದ್ದಲ್ಲ, ತೊಡೆ ಕೀಲಿನ ಒಳಗಿನ ನೋವು. ಮೂಳೆಗಳನ್ನ ಹಿಡಿದಿಡೋ ಕಟ್ಟು ಆವತ್ತು ಹರಿದು, ಸಡಿಲವಾಗೇ ಕೂಡಿಕೊಂಡಿದೆ. ಸುತ್ತಲ ಮಾಂಸಖಂಡ ಗಟ್ಟಿ ಮಾಡಿದ್ರೆ ಕೀಲಿನ ಮೇಲಿನ ಭಾರ ಕಮ್ಮಿಯಾಗುತ್ತೆ. ಸದ್ಯಕ್ಕೆ ನೆಲದ ಮೇಲೆ ಕೂರಬೇಡ. ಎಡಗೈಲಿ ಕೋಲು ಹಿಡಿ."

"ನೋವಿರೋದು ಬಲಗಾಲಲ್ಲಿ ಕಣ್ರೀ," ಎಂದಳು ಅಮ್ಮ.

"ಅದಕ್ಕೇ ಎಡಗೈ. ಬಲಗಾಲು ಊರುವಾಗ ಭಾರ ಆ ಕಡೆ ಕೋಲಿಗೆ ಹೋಗುತ್ತೆ. ನಡೆಸಿ ನೋಡಿ."

ಅವರು ಕೊಟ್ಟ ಕೋಲನ್ನು ಎಡಗೈಯಲ್ಲಿ ಊರಿ ಕೋಣೆಯ ಆಚೆ ತುದಿಗೆ ನಡೆದೆ. ಕೀಲು ಕಚ್ಚಲಿಲ್ಲ. ನಂಬಿಕೆಯಾಗದೆ ತಿರುಗಿ ಮತ್ತೆ ನಡೆದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಡಾಕ್ಟರು ಹೇಳಿಕೊಟ್ಟಂತೆ ದಿನಾ ಬೆಳಿಗ್ಗೆ ಚಾಪೆಯ ಮೇಲೆ ಎಡಮಗ್ಗುಲಾಗಿ ಮಲಗಿ ಬಲಗಾಲು ಎತ್ತುತ್ತಿದ್ದೆ. ಮೊದಮೊದಲು ಕಾಲು ನಡುಗಿ ಬಿದ್ದುಹೋಗುತ್ತಿತ್ತು. ಬರಬರುತ್ತಾ ಮೇಲೇರಿ ಹಾಗೇ ನಿಲ್ಲತೊಡಗಿತು. ನನಗಿಂತ ಅಮ್ಮನಿಗೇ ಅವಸರ. ಬಾಗಿಲಲ್ಲಿ ನಿಂತು, "ಇನ್ನೊಂಚೂರು ಎತ್ತು ಕಣೇ, ನೆನ್ನೆಗಿಂತ ಮ್ಯಾಕೆ ಬತ್ತಾ ಅದೆ," ಎನ್ನುತ್ತಿದ್ದಳು.

ನೋವು ಪೂರ್ತಿ ಹೋಗಲಿಲ್ಲ. ಬಹಳ ದೂರ ನಡೆದರೆ ಈಗಲೂ ಒಂದಿಷ್ಟು ಕಾಣಿಸಿಕೊಳ್ಳುತ್ತದೆ. ಆದರೆ ಮುಂಗಾರು ಶುರುವಾಗುವ ಹೊತ್ತಿಗೆ ಕೋಲು ಬಿಟ್ಟಿದ್ದೆ. ಒಂದು ದಿನ ಹತ್ತಿರದ ಹಾಲ್ಕುರಿಕೆ ಊರಲ್ಲಿ ನಾವು ತಲುಪುವಷ್ಟರಲ್ಲಿ ತಿಪಟೂರಿನ ಬಸ್ಸು ಹೊರಟುಬಿಟ್ಟಿತು. ಯೋಚಿಸದೆ ಓಡಿದೆ. ಹಿಂದಿನಿಂದ ಅಮ್ಮ, "ನಿಧಾನ ಕಣೇ, ಬುಡು, ಇನ್ನೊಂದು ಬತ್ತದೆ," ಎನ್ನುತ್ತಲೇ ತಾನೂ ಓಡಿಬರುತ್ತಿದ್ದಳು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. ಇಬ್ಬರೂ ಏದುಸಿರು ಬಿಡುತ್ತಾ ಹತ್ತಿ, ತಿಪಟೂರು ಬರುವವರೆಗೂ ನಗುತ್ತಲೇ ಇದ್ದೆವು.