ಬಣ್ಣದ ಮಾಸ್ಟರಿಗೆ ಸಿಕ್ಕ ಸಾಕ್ಷಿ

ನಮ್ಮ ಬೀದಿಯ ಫೋಟೋ ಅಂಗಡಿಯವರನ್ನು ಎಲ್ಲರೂ ಬಣ್ಣದ ಮಾಸ್ಟರು ಎನ್ನುತ್ತಾರೆ. ಈ ಬಿರುದು ಯಾರು ಕೊಟ್ಟದ್ದೆಂದು ಅವರನ್ನು ಕೇಳಿದರೆ, "ಜನ" ಎನ್ನುತ್ತಾರೆ. ಜನರನ್ನು ಕೇಳಿದರೆ, "ಅವರೇ ಬೋರ್ಡಿನ ಮೇಲೆ ಬರೆಸಿಕೊಂಡಿದಾರಲ್ಲ" ಎನ್ನುತ್ತಾರೆ.

ಹಳೆಯ ಕಪ್ಪು ಬಿಳುಪು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಬಣ್ಣ ತುಂಬುವುದು ಅವರ ಕಸುಬು. ಹರೆಯದಲ್ಲಿ ಇದನ್ನೇ ಕಡ್ಡಿಗೆ ಹತ್ತಿ ಸುತ್ತಿ, ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಮಾಡುತ್ತಿದ್ದರು. ಈಗ ಕೈಗೆ ಮೌಸ್ ಬಂದಿದೆ; ಉಸಿರು ಬಿಗಿಹಿಡಿಯುವುದು ಮಾತ್ರ ತಪ್ಪಿಲ್ಲ. ಫೋಟೋದ ಮೇಲೆ ತೆಳ್ಳನೆಯ ಗಾಜು ಹಾಸಿದ ಹಾಗೆ ಲೇಯರ್ ಹಾಸುತ್ತಾರೆ. ಕೆನ್ನೆಗೊಂದು, ಕೋಟಿಗೊಂದು, ಆಕಾಶಕ್ಕೊಂದು. ತಪ್ಪಾದರೆ ಆ ಗಾಜನ್ನಷ್ಟೇ ಕಿತ್ತು ಬಿಸಾಡಿದರಾಯಿತು. ಆದರೆ ಮಾಸ್ಟರು ತಪ್ಪೇ ಮಾಡುತ್ತಿರಲಿಲ್ಲ. ತಪ್ಪು ಎನ್ನುವವರೇ ಇಲ್ಲದ ಮೇಲೆ ತಪ್ಪು ಎಲ್ಲಿಂದ ಬರಬೇಕು?

ಕಪ್ಪು ಬಿಳುಪಿನಲ್ಲಿ ಕೆಂಪೂ ಹಸಿರೂ ಒಂದೇ ಬೂದು ಹೊದ್ದು ಕೂತಿರುತ್ತವೆ. ತಾತನ ಕೋಟು ಯಾವ ಬಣ್ಣದ್ದೆಂದು ಕೇಳಿದರೆ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಗ ಮಾಸ್ಟರು ಕಣ್ಣು ಅರೆಮುಚ್ಚಿ, "ಬೂದು ನೋಡಿದ್ರೆ ಸಾಕು, ಬಣ್ಣ ಹೇಳ್ಬಿಡ್ತೀನಿ. ಇದು ಕಂದು" ಎಂದು ತೀರ್ಪು ಕೊಡುತ್ತಿದ್ದರು. ಆನೆ ನಡೆದದ್ದೇ ದಾರಿ. ಮೈಬಣ್ಣಕ್ಕಂತೂ ಕಂಪ್ಯೂಟರಿನಲ್ಲಿ ಎರಡು ಛಾಯೆ ಸದಾ ಸಿದ್ಧ. ಒಂದರ ಹೆಸರು 'ಒಳ್ಳೆ ಮನೆತನ', ಇನ್ನೊಂದರದು 'ಇನ್ನೂ ಒಳ್ಳೆ ಮನೆತನ'. ಸತ್ತವರು ಬೆಳ್ಳಗಾಗುತ್ತಿದ್ದರು, ಇದ್ದವರು ಖುಷಿಯಿಂದ ಕಟ್ಟು ಹಾಕಿಸುತ್ತಿದ್ದರು.

"ಇದೇನ್ರೀ, ಪಾಪ, ಆ ಯಜಮಾನ್ರಿಗೆ ಗಿಣಿ ಹಸಿರು ಟೋಪಿ ಹಾಕಿದೀರಾ" ಎಂದು ಒಳಗಿನಿಂದ ಬಂದು ಗದರುತ್ತಿದ್ದ ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಒಲೆ. ಸಾರಿಗೆ ಉಪ್ಪು ಹೆಚ್ಚಾದರೆ ಬೈಯುವವರೂ ಅವರೇ, ಬೈಸಿಕೊಳ್ಳುವವರೂ ಅವರೇ. ಗಿರಾಕಿಗಳು ಫೋಟೋ ಕೊಡುವಾಗ ಎರಡು ಮಾತು, ಒಯ್ಯುವಾಗ "ಚೆನ್ನಾಗಿದೆ" ಎಂಬ ಒಂದು ಮಾತು. ಅಷ್ಟು ಮಾತಿನಲ್ಲಿ ಮನುಷ್ಯ ಬದುಕಬಹುದು. ಗಂಟಲಿಗೆ ಮಾತ್ರ ತುಕ್ಕು ಹಿಡಿಯುತ್ತದೆ.

ಹೀಗಿರುವಾಗ ಒಬ್ಬ ಅಜ್ಜಿ ಬಂದರು. ಅವರು ತಂದ ಫೋಟೋದಲ್ಲಿ ಬೆಂಚಿನ ಮೇಲೆ ಕೂತ ಇಬ್ಬರು ಹುಡುಗಿಯರು. ಮಾಸ್ಟರು ಅಭ್ಯಾಸಬಲದಿಂದ, "ತೀರ್ಕೊಂಡು ಎಷ್ಟು ವರ್ಷ ಆಯ್ತು ತಾಯಿ?" ಎಂದರು.

"ಎಡಗಡೆಯೋಳು ನನ್ನ ತಂಗಿ, ಹೋದ ವರ್ಷ ಹೋದ್ಲು. ಬಲಗಡೆಯೋಳು ನಾನು. ನಾನಿನ್ನೂ ಹೋಗಿಲ್ಲ ಅಂತ ಕಾಣುತ್ತೆ."

ಫೋಟೋದೊಳಗಿನ ಮನುಷ್ಯರೇ ನಡೆದು ಅಂಗಡಿಗೆ ಬಂದದ್ದು ಮಾಸ್ಟರ ಅನುಭವದಲ್ಲಿ ಅದೇ ಮೊದಲು. ಕೆಲಸವಾದ ಮೇಲೆ ಅಜ್ಜಿ ಪರದೆಯ ಹತ್ತಿರ ಬಗ್ಗಿ ನೋಡಿದರು.

"ಯಾರಪ್ಪಾ ಇವಳು?"

"ನೀವೇ ತಾಯಿ."

"ಇಷ್ಟು ಬೆಳ್ಳಗೆ ನಾನು ಹುಟ್ಟಿದ ದಿನವೂ ಇರ್ಲಿಲ್ಲ. ಫ್ರಾಕು ಗುಲಾಬಿ ಅಂತ ಯಾರು ಹೇಳಿದ್ದು?"

"ಬೂದು ನೋಡಿ..."

"ಹಾಕ್ಕೊಂಡೋಳು ನಾನು, ನೋಡಿ ಹೇಳೋನು ನೀನು. ಅದು ಇಟ್ಟಿಗೆ ಕೆಂಪು. ಬಟ್ಟೆ ಸಾಲದೆ ನಮ್ಮಮ್ಮ ತೋಳಿಗೆ ಬೇರೆ ತುಂಡು ಹಾಕಿದ್ರು, ಅದು ಕಂದು."

ಮಾಸ್ಟರಿಗೆ ಅವಮಾನವಾಯಿತು. ಪಕ್ಕದ ದರ್ಜಿಯ ಮುಂದೆ, "ನನ್ನ ಅನುಭವದ ಮುಂದೆ ಆಕೆ ವಯಸ್ಸೆಷ್ಟು" ಎನ್ನಹೊರಟು, ಲೆಕ್ಕ ತಮಗೇ ತಿರುಗುತ್ತದೆಂದು ಹೊಳೆದು ಸುಮ್ಮನಾದರು. ಆದರೆ ಮರುದಿನ ನೀಟಾಗಿ ಗಡ್ಡ ಹೆರೆದುಕೊಂಡು ಅಂಗಡಿ ತೆರೆದರು.

ಅಜ್ಜಿ ದಿನ ಬಿಟ್ಟು ದಿನ ಬರತೊಡಗಿದರು. ಬಂದಾಗಲೊಂದು ತಪ್ಪು ಹುಡುಕುವರು. ರಿಬ್ಬನ್ನು ಹಳದಿ, ಆದರೆ ನಿಂಬೆ ಹಳದಿಯಲ್ಲ, ಒಗೆದು ಒಗೆದು ಸೋತ ಹಳದಿ. ಬೆಂಚಿನ ಸರದಿ ಬಂದಾಗ ಅವರು ಪರದೆಯ ಮೇಲಿನ ತಂಗಿಯ ಕಡೆ ಬೆರಳು ತೋರಿಸಿದರು.

"ಬೆಂಚು ಹಸಿರು ಅಂತ ಅವಳು, ನೀಲಿ ಅಂತ ನಾನು. ಸೇರಿದಾಗೆಲ್ಲ ಇದೇ ಜಗಳ. ಈಗ ನಾನು ಹೇಳಿದ್ದೇ ಸರಿ. ಅದೇ ನೋಡು ಬೇಜಾರು."

"ಹಾಗಾದ್ರೆ ನೀಲಿ ಹಾಕ್ಲಾ?"

"ಹಸಿರೇ ಹಾಕು. ಒಂದ್ಸಲ ಅವಳೂ ಗೆಲ್ಲಲಿ."

ಸುಳ್ಳೇಕೆ, ಕೆಲಸ ಮುಗಿಯುತ್ತ ಬಂದಂತೆ ಮಾಸ್ಟರಿಗೆ ಭಯ ಶುರುವಾಯಿತು. ಮುಗಿದರೆ ಅಜ್ಜಿ ಏಕೆ ಬರುತ್ತಾರೆ? ತಪ್ಪೇ ಮಾಡದ ಆ ಮನುಷ್ಯ ಬೇಕೆಂದೇ ತಪ್ಪು ಮಾಡಲು ಕೂತರು. ಕಪ್ಪು ಎಂದ ಷೂಗಳಿಗೆ ನೀಲಿ ಬಳಿದರು.

"ಮೊನ್ನೆ ಕಪ್ಪು ಅಂದಿದ್ನಲ್ಲ, ನಿನ್ನ ಕಿವಿಗೂ ಲೇಯರ್ ಹಾಸಿದೀಯಾ?"

"ಮರೆತೆ ತಾಯಿ" ಎಂದರು ಮಾಸ್ಟರು, ಬಹುಮಾನ ಬಂದವರಂತೆ.

ಆಟ ಹೆಚ್ಚು ದಿನ ನಡೆಯಲಿಲ್ಲ. "ನಾಳೆ ಮಗಳ ಊರಿಗೆ ಹೊರಟಿದೀನಿ. ಇನ್ಮೇಲೆ ಅಲ್ಲೇ. ಎಷ್ಟಾಗಿದೆಯೋ ಅಷ್ಟು ಕೊಟ್ಬಿಡು" ಎಂದರು ಅಜ್ಜಿ.

ಮಾಸ್ಟರು ಚಿತ್ರವನ್ನು ಮೂಲೆಮೂಲೆ ಹಿಗ್ಗಿಸಿ ನೋಡಿದರು. ಹುಡುಗಿಯರ ಹಿಂದೆ, ಅಂಚಿನಲ್ಲಿ, ಅರ್ಧ ಬಾಗಿಲು ಕಂಡಿತು.

"ಇದು ಯಾವ ಬಣ್ಣ?"

"ಬಾಗಿಲು ಯಾರು ನೋಡಿದ್ರಪ್ಪಾ? ನಿನಗೆ ತೋಚಿದ್ದು ಹಾಕು."

ಜೀವಮಾನವೆಲ್ಲ ತೋಚಿದ್ದನ್ನೇ ಹಾಕಿ ಊರಿನ ಅರ್ಧ ಗೋಡೆ ತುಂಬಿಸಿದವರು, ಮೌಸಿನ ಮೇಲಿಂದ ಕೈ ತೆಗೆದರು. "ಆಗಲ್ಲ ತಾಯಿ. ನೀವು ನೆನಪು ಮಾಡ್ಕೊಂಡು ಹೇಳ್ಬೇಕು. ಫೋಟೋದ ಹಿಂದೆ ನನ್ನ ನಂಬರು ಬರ್ದಿದೀನಿ."

ಬಾಗಿಲೊಂದು ಬೂದಾಗಿಯೇ ಉಳಿದ ಫೋಟೋವನ್ನು ಅಜ್ಜಿ ಒಯ್ದರು. ಮಾಸ್ಟರು ಮತ್ತೆ ಗಡ್ಡ ಬಿಟ್ಟರು. ಗಿರಾಕಿಗಳು ಎಂದಿನಂತೆ "ಚೆನ್ನಾಗಿದೆ" ಎಂದು ಹೋಗುತ್ತಿದ್ದರು. ಮಳೆಗಾಲ ಬಂದು ಹೋದ ಮೇಲೆ ಒಂದು ಮಧ್ಯಾಹ್ನ ಫೋನು ಬಡಿದುಕೊಂಡಿತು.

"ಬಾಗಿಲು ನೀಲಿ ಅಂತ ಕಾಣುತ್ತಪ್ಪ."

"ಖಾತ್ರಿನಾ ತಾಯಿ?"

"ಖಾತ್ರಿ ಇದ್ದಿದ್ರೆ 'ಕಾಣುತ್ತೆ' ಅಂತಿದ್ನಾ? ಹಸಿರೂ ಇರಬಹುದು." ಅಜ್ಜಿಯ ದನಿ ಸೊರಗಿತ್ತು. "ಇಲ್ಲಿ ಯಾರನ್ನ ಕೇಳಿದ್ರೂ ನೀವು ಹೇಳಿದ್ದೇ ಸರಿ ಅಂತಾರೆ."

ಮಾಸ್ಟರು ಫೋನು ಹಿಡಿದು ಅಂಗಡಿಯ ಹೊರಗೆ ಬಂದರು.

"ನೀಲಿ ಅಲ್ಲ ತಾಯಿ" ಎಂದರು. "ಹಸಿರಂತೂ ಅಲ್ಲವೇ ಅಲ್ಲ."

"ನಿನಗೇನು ಗೊತ್ತು, ನೀನೇನು ಅಲ್ಲಿದ್ಯಾ?" ಅತ್ತಲಿಂದ ದನಿ ಏರಿತು. "ಆ ಬಾಗಿಲು ದಿನಾ ಒರೆಸ್ತಿದ್ದೋಳು ನಾನು, ಕೇಳಿಲ್ಲಿ..."

ಮಾಸ್ಟರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ಅಂಗಡಿಯ ಮೆಟ್ಟಿಲ ಮೇಲೆ ನಿಧಾನವಾಗಿ ಕೂತರು.