ಹಿರಿಯೂರಿಗೆ ರೈಲಿಲ್ಲ

ಮೊನ್ನೆ ಮಂಜ ಕಾರು ತಂದು ಮಾಡದಕೆರೆಯ ನಮ್ಮ ಮನೆ ಮುಂದೆ ನಿಲ್ಲಿಸಿದ. ಮಂಜ ಎಂದರೆ ಹಿರಿಯೂರಿನ ನಮ್ಮ ಸೋದರತ್ತೆಯ ಮಗ, ಬಾಡಿಗೆ ಕಾರು ಓಡಿಸುವವನು. ಹಿಂದಿನ ಸೀಟು ಒರೆಸೋಣವೆಂದು ಸಂದಿಗೆ ಕೈ ಹಾಕಿದರೆ ಸಣ್ಣದೊಂದು ಬಟ್ಟೆ ಗಂಟು ಸಿಕ್ಕಿತು. ಮೂಗಿಗೆ ಹಿಡಿದೆ. ಕರ್ಪೂರ ಎಂದೋ ಕರಗಿ ಹೋಗಿತ್ತು. ಲವಂಗ, ಓಂಕಾಳು ಉಳಿದಿದ್ದವು, ಬಟ್ಟೆಗೆ ಅಂಟಿದ ವಾಸನೆಯೂ ಉಳಿದಿತ್ತು. ನಾನು ಅಲ್ಲೇ ಸೀಟಿನ ಮೇಲೆ ಕುಳಿತುಬಿಟ್ಟೆ.

ಕೊರೊನಾ ಕಾಲದಲ್ಲಿ ಆ ಗಂಟು ನಿಮ್ಮ ಮನೆಯಲ್ಲೂ ಇದ್ದಿರಬೇಕು. ಮೂಸಿದರೆ ಉಸಿರು ಸಲೀಸಾಗುತ್ತದೆ ಎಂದು ಯಾರೋ ಮೊಬೈಲಿಗೆ ಕಳಿಸಿದ್ದರು, ನಾಡೇ ನಂಬಿತ್ತು. ನಾನು ಹೊಸದುರ್ಗದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಗಾಳಿ ಎಂದರೇನು, ಸೋಂಕು ಎಂದರೇನು ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಬಿಳಿ ಮಾಡಿಕೊಂಡವಳು. ಆ ಗಂಟು ಹೊಲಿದವಳೂ ನಾನೇ. ಹೊಲಿದದ್ದು ನನ್ನ ತಂಗಿ ರತ್ನಳಿಗೆ.

ರತ್ನ ಆಗ ಚೆನ್ನೈಯಲ್ಲಿದ್ದಳು. ಅವಳ ಗಂಡ ಲೋಕೇಶ ಅಲ್ಲಿ ಟೈರು ಕಾರ್ಖಾನೆಯಲ್ಲಿ ಕೆಲಸದವನು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವಳಿಗೆ ಬಸಿರು ನಿಂತಿತ್ತು. ಏಳು ತಿಂಗಳು ತುಂಬುವ ಹೊತ್ತಿಗೆ ಕಾಯಿಲೆಯ ಎರಡನೆಯ ಸುತ್ತು ಶುರುವಾಯಿತು. ಕಾರ್ಖಾನೆಯಲ್ಲಿ ಪಕ್ಕಪಕ್ಕದ ಮಷೀನಿನವರು ಜ್ವರ ಬಂದು ಮಲಗತೊಡಗಿದರು. ಲೋಕೇಶ ಮನೆಗೆ ಬಂದರೆ ರತ್ನ ಅಡುಗೆಮನೆಯಲ್ಲಿ, ಅವನು ಬಾಲ್ಕನಿಯಲ್ಲಿ. ಗಂಡಹೆಂಡಿರು ಒಂದೇ ಮನೆಯಲ್ಲಿದ್ದು ಫೋನಿನಲ್ಲಿ ಮಾತಾಡುತ್ತಿದ್ದರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಸರಿ, ಕರೆದುಕೊಂಡು ಬರಬೇಕು. ಯಾವುದರಲ್ಲಿ?

ಅದೊಂದು ಪ್ರಶ್ನೆ ನಮ್ಮ ಮನೆಯನ್ನು ಮೂರು ಹೋಳು ಮಾಡಿತು. ಚಿಕ್ಕಜಾಜೂರಿನ ದೊಡ್ಡಪ್ಪ ರೈಲ್ವೆಯಲ್ಲಿ ಹಳಿ ಕಾಯುತ್ತ ನಿವೃತ್ತಿಯಾದವರು. ಅವರಿಗೆ ರೈಲು ಬಿಟ್ಟು ಬೇರೆ ವಾಹನವೇ ಕಣ್ಣಿಗೆ ಬೀಳುವುದಿಲ್ಲ. "ರೈಲಾಗೆ ಕಿಟಕಿ ತೆಗೆದ್ರೆ ಈ ಕಡೆ ಗಾಳಿ ಆ ಕಡೆ ಹೋಗ್ತೈತೆ ಕಣಮ್ಮ. ಕಾಲು ಚಾಚ್ಕಂಡು ಮಲಗಬೋದು. ಈಗ ಜನ ಎಲ್ಲವ್ರೆ, ಡಬ್ಬಿ ಡಬ್ಬಿನೇ ಖಾಲಿ ಬರ್ತಾವೆ. ನಾನೇ ಸ್ಟೇಷನ್‌ಗೆ ಬಂದು ಇಳಿಸ್ಕಂತೀನಿ," ಎಂದು ಫೋನಿನಲ್ಲಿ ಕೂಗುತ್ತಿದ್ದರು.

ಲೋಕೇಶನದು ವಿಮಾನ. ಒಂದು ಗಂಟೆಯಲ್ಲಿ ಬೆಂಗಳೂರು, ಟೆಸ್ಟು ಮಾಡಿಸಿದವರನ್ನೇ ಹತ್ತಿಸುತ್ತಾರೆ, ಮೈತುಂಬ ಪ್ಲಾಸ್ಟಿಕ್ ಅಂಗಿ ಕೊಡುತ್ತಾರೆ ಎಂದ. ನನಗೂ ಸರಿ ಅನ್ನಿಸಿತು. ವಿಮಾನ ಹತ್ತದವಳಿಗೆ ವಿಮಾನದ ಬಗ್ಗೆ ಅಭಿಪ್ರಾಯ ಬಹಳ ಗಟ್ಟಿಯಾಗಿರುತ್ತದೆ. ಅವ್ವ ಮಾತ್ರ ಸೆರಗು ಕೊಡವಿ ಎದ್ದಳು.

"ಬಸುರಿ ಹೆಂಗ್ಸನ್ನ ಮುಗಿಲಿಗೆ ಹತ್ತುಸ್ತೀರೇನು? ಆ ರೈಲಾಗೆ ಯಾರ್ಯಾರು ಉಗುಳಿರ್ತಾರೋ, ಯಾರ್ಯಾರು ಕೆಮ್ಮಿರ್ತಾರೋ. ನಮ್ಮ ಮಂಜನ ಕಾರೈತೆ. ಓಡ್ಸೋನು ನಮ್ಮೋನು, ಕುಂತ್ಕಳ್ಳೋರು ನಮ್ಮೋರು. ಪರರ ಗಾಳಿ ಸೋಕಬಾರ್ದು ನನ್ನ ಮಗಳಿಗೆ."

ಪರರ ಗಾಳಿ. ಆಗ ಇಡೀ ಲೋಕವೇ ಹಾಗೆ ಎರಡು ಭಾಗವಾಗಿತ್ತು ನೋಡಿ, ನಮ್ಮವರು ಮತ್ತು ಪರರು. ಕಾಯಿಲೆ ಇರುವುದೆಲ್ಲ ಪರರ ಹತ್ತಿರ. ಕಾರು ಎಂದೇ ಆಯಿತು. ಮಂಜನ ಜೊತೆ ನಾನೂ ಹೊರಟೆ.

ಆ ಪ್ರಯಾಣ ನೆನೆದರೆ ಈಗಲೂ ನಗು ಬರುತ್ತದೆ, ಬಂದ ಕೂಡಲೇ ನಿಂತೂ ಹೋಗುತ್ತದೆ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಫ್ಲಾಸ್ಕಿನಲ್ಲಿ ಬಿಸಿನೀರು. ಹೋಟೆಲ್ ಇಲ್ಲ, ಟೀ ಅಂಗಡಿ ಇಲ್ಲ. ಪೆಟ್ರೋಲ್ ಹಾಕುವ ಹುಡುಗ ಕಿಟಕಿಯ ಹತ್ತಿರ ಬಂದರೆ ನಾನು ಗಾಜು ಏರಿಸಿ ಅವನಿಗೆ ಕಣ್ಣು ಬಿಡುತ್ತಿದ್ದೆ. ಗಡಿಯಲ್ಲಿ ಜ್ವರ ನೋಡಿ ಬರೆದುಕೊಟ್ಟ ಚೀಟಿಯನ್ನು ಇಕ್ಕಳದಲ್ಲಿ ಹಿಡಿದು ಸ್ಯಾನಿಟೈಸರ್ ಹೊಡೆದೆ. ಅಕ್ಷರವೆಲ್ಲ ಅಳಿಸಿಹೋಗಿ ಮುಂದಿನ ನಾಕಾದಲ್ಲಿ ಪೊಲೀಸರು ಅದನ್ನು ಕೇಳಿದಾಗ ಮಂಜ ಖಾಲಿ ಕಾಗದ ತೋರಿಸಿದ. ಬರುವಾಗ ರತ್ನ ಹಿಂದಿನ ಸೀಟಿನಲ್ಲಿ ದಿಂಬು ಒರಗಿ, ಕರ್ಪೂರದ ಗಂಟು ಮೂಸುತ್ತ, "ಅಕ್ಕಾ, ನಿನ್ ಕಾಟಕ್ಕೆ ಕೊರೊನಾ ತಾನಾಗೇ ಓಡೋಗ್ತೈತೆ ಬಿಡು," ಎಂದಳು. ದಾರಿಬದಿಯ ಮರೆಯಲ್ಲಿ ಇಳಿಯುವಾಗಲೂ ನನ್ನ ಭುಜ ಹಿಡಿದುಕೊಂಡು, ಹೊಟ್ಟೆ ನೋಡಿಕೊಂಡು, ಮಗುವಿನ ಜೊತೆ ಏನೋ ಮಾತಾಡಿಕೊಳ್ಳುತ್ತಿದ್ದಳು. ಅಷ್ಟು ಖುಷಿಯಾಗಿದ್ದಳು ನನ್ನ ತಂಗಿ.

ಸಿರಾ ದಾಟಿದ ಮೇಲೆ ಅತ್ತೆಯ ಫೋನು ಬಂತು.

ನಮ್ಮ ಅತ್ತೆಯನ್ನು ನಿಮಗೆ ಹೇಗೆ ಹೇಳಲಿ? ಅಪ್ಪನ ಒಬ್ಬಳೇ ತಂಗಿ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಂಜನನ್ನು ಸಾಕಿದ್ದು, ಮನೆ ಕಟ್ಟಿಸಿದ್ದು ಎಲ್ಲ ಒಂಟಿಯಾಗಿ. ಪೇಟೆಯಲ್ಲಿ ಗಂಡಸರನ್ನು ನಿಲ್ಲಿಸಿ ಜಗಳವಾಡುವ ಗಟ್ಟಿಗಿತ್ತಿ. ಆದರೆ ಯಾರ ಮನೆಯಲ್ಲಾದರೂ ಅರಿಶಿನ ಕುಂಕುಮದ ತಟ್ಟೆ ಹೊರಗೆ ಬಂದರೆ ಸಾಕು, ಯಾರೂ ಹೇಳದೆಯೇ ತಾನಾಗಿ ಅಡುಗೆಮನೆಯ ಬಾಗಿಲಿಗೆ ಸರಿದು ನಿಲ್ಲುತ್ತಿದ್ದಳು.

"ಬಸುರಿ ಹೆಣ್ಮಗಳು ನಮ್ಮೂರ ಮೇಲೆ ಹಾದು ತವರಿಗೆ ಹೋಗ್ತಾಳೆ. ಬರಿ ಮಡ್ಲಾಗೆ ಕಳಿಸಿದ್ರೆ ನಾನ್ಯಾತರ ಸೋದರತ್ತೆ? ಬರ್ರಿ, ಮಡ್ಲು ತುಂಬಿಸ್ಕಂಡು ಹೋಗ್ರಿ, ಎಷ್ಟೊತ್ತಾಗ್ತೈತೆ," ಎಂದಳು.

ನಾನು ಬೇಡವೆಂದೆ. ಮಂಜ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಅವನ ತಾಯಿಯ ಮನೆ, ಅವನ ಕಾರು. ರತ್ನ, "ಹೋಗಾಣ ಅಕ್ಕಾ, ಅತ್ತೆ ಏನು ಪರರಾ?" ಎಂದಳು.

ಹೋದೆವು. ಸೋದರತ್ತೆ ಮಡಿಲು ತುಂಬಬೇಕು, ಆದರೆ ಗಂಡ ಇಲ್ಲದವಳು ತುಂಬುವಂತಿಲ್ಲ. ಅದಕ್ಕೆ ಅತ್ತೆ ಬೀದಿಯ ಐವರು ಮುತ್ತೈದೆಯರನ್ನು ಕರೆಸಿ ಕೂರಿಸಿದ್ದಳು. ಗುಂಪು ಸೇರಿದ್ದು ಪೊಲೀಸರಿಗೆ ಕಾಣಬಾರದೆಂದು ಬೀದಿಬಾಗಿಲು ಹಾಕಿ, ಕಿಟಕಿಯನ್ನೂ ಮುಚ್ಚಿದ್ದರು. ಎಲ್ಲರ ಬಾಯಿಗೂ ಮಾಸ್ಕ್ ಇತ್ತು. ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಎಲ್ಲ ಅಣಿಯಾಗಿತ್ತು. ಒಬ್ಬಾಕೆ ಸೋಬಾನೆ ಎತ್ತಿಕೊಂಡಳು. ಬಟ್ಟೆಯೊಳಗಿಂದ ದನಿ ಹೊರಡಲಿಲ್ಲ. "ಬಾಯಿಗೆ ಬಟ್ಟೆ ಕಟ್ಕಂಡು ಸೋಬಾನೆ ಹೇಳಕ್ಕಾಗ್ತೈತಾ ತಾಯಿ," ಎಂದು ನಕ್ಕು ಕೆಳಗೆಳೆದಳು. ಉಳಿದವರೂ ಎಳೆದುಕೊಂಡರು. "ಹಾಕ್ಕಳ್ರಿ, ಹಾಕ್ಕಳ್ರಿ," ಎಂದು ನಾನು ಕ್ಲಾಸಿನಲ್ಲಿ ಗದರುವಂತೆ ಗದರಿದೆ. ಹಾಡಿನಲ್ಲಿ ಯಾರಿಗೆ ಕೇಳಬೇಕು? ಒಬ್ಬೊಬ್ಬರಾಗಿ ಬಗ್ಗಿ ರತ್ನಳ ಹಣೆಗೆ ಕುಂಕುಮವಿಟ್ಟು, ಕೆನ್ನೆಗೆ ಅರಿಶಿನ ಹಚ್ಚಿದರು. ಒಬ್ಬಾಕೆ ಎರಡು ಸಲ ಕೆಮ್ಮಿ, ಧೂಳು ಎಂದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹತ್ತಿರ ಬರದೆ, ಕಣ್ತುಂಬ ನೋಡಿದಳು. ರತ್ನ ಮಡಿಲು ಗಂಟು ಹಾಕಿಕೊಂಡು ಕಾರು ಹತ್ತಿದಳು. ಕಾರಿನಲ್ಲಿ ನಾನು ಅವಳ ಕೈಗೆ ಮತ್ತೆ ಸ್ಯಾನಿಟೈಸರ್ ಹಾಕಿದೆ.

ವಾರ ಕಳೆಯುವುದರೊಳಗೆ ಜ್ವರ ಬಂತು. ಆಮೇಲೆ ಮಾತಾಡುವಾಗ ನಡುವೆ ನಿಲ್ಲಿಸಿ ಉಸಿರೆಳೆಯತೊಡಗಿದಳು. ಅದೇ ಮಂಜ, ಅದೇ ಕಾರು. ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಹೊರಟೆವು. ಆಗ ಯಾವುದರಲ್ಲಿ ಹೋಗುವುದು ಎಂದು ಯಾರೂ ಚರ್ಚೆ ಮಾಡಲಿಲ್ಲ. ಹೊಳಲ್ಕೆರೆಯ ರೈಲ್ವೆ ಗೇಟು ಹಾಕಿತ್ತು. ಖಾಲಿ ಖಾಲಿ ರೈಲೊಂದು ನಿಧಾನವಾಗಿ ಹೋಯಿತು, ಕಿಟಕಿಗಳೆಲ್ಲ ತೆಗೆದಿದ್ದವು. ರತ್ನ ಅದನ್ನೇ ನೋಡುತ್ತಿದ್ದಳು. ಮಾತಾಡುವಷ್ಟು ಉಸಿರು ಅವಳಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ಕೊಯ್ದು ಮಗುವನ್ನು ತೆಗೆದರು. ಅಂಗೈ ಮೇಲೆ ಹಿಡಿಸುವಂಥ ಹೆಣ್ಣುಕೂಸು, ಗಾಜಿನ ಪೆಟ್ಟಿಗೆಯಲ್ಲಿ ಉಳಿಯಿತು. ರತ್ನ ಉಳಿಯಲಿಲ್ಲ. ಮಗುವನ್ನು ಅವಳಿಗೆ ಮೊಬೈಲಿನಲ್ಲಿ ತೋರಿಸಿದೆವು ಎಂದು ನರ್ಸ್ ಹೇಳಿದಳು. ನನ್ನ ಸಮಾಧಾನಕ್ಕೆ ಹೇಳಿದಳೋ ಏನೋ, ನಾನು ಮತ್ತೆ ಕೇಳಲಿಲ್ಲ. ಲೋಕೇಶ ಬಂದು ಸೇರುವ ಹೊತ್ತಿಗೆ ಅವಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಯಾಗಿತ್ತು. ನನಗೆ ಅಂದು ಬಂದ ಸಿಟ್ಟು ಇಷ್ಟು ವರ್ಷವಾದರೂ ಹೋಗಿಲ್ಲ. ಯಾರ ಮೇಲೆ ಎಂದು ಕೇಳಬೇಡಿ.

ಹಿರಿಯೂರಿನ ಆ ಐವರು ಮುತ್ತೈದೆಯರಲ್ಲಿ ಇಬ್ಬರು ಜ್ವರ ಬಂದು ಮಲಗಿದ್ದರು, ಒಬ್ಬಾಕೆ ಏಳಲಿಲ್ಲ. ಮಡಿಲು ತುಂಬಿದವರಿಂದ ರತ್ನಳಿಗೆ ಬಂತು ಎಂದು ನಮ್ಮೂರಿನಲ್ಲಿ ಹೇಳುತ್ತಾರೆ. ಚೆನ್ನೈಯವರು ತಂದು ಹಚ್ಚಿದರು ಎಂದು ಹಿರಿಯೂರಿನ ಆ ಬೀದಿ ಹೇಳುತ್ತದೆ. ಗಾಳಿಗೆ ವಿಳಾಸ ಕೇಳುವವರು ಯಾರು? ದೊಡ್ಡಪ್ಪ ತಿಥಿಗೆ ಬಂದು ಕುಳಿತವರು, "ಹಿರಿಯೂರಿಗೆ ರೈಲಿಲ್ಲ ಅಲ್ಲೇನಮ್ಮ," ಎಂದರು. ಅಷ್ಟೇ. ರೈಲಿನಲ್ಲಿ ಬಂದಿದ್ದರೆ ಅತ್ತೆಯ ಮನೆ ದಾರಿಗೆ ಸಿಗುತ್ತಲೇ ಇರಲಿಲ್ಲ. ಅವ್ವ ಎದ್ದು ಒಳಗೆ ಹೋದಳು.

ಆಮೇಲೆ ನಾನು ಹಿರಿಯೂರಿನ ದಾರಿ ಹಿಡಿಯಲಿಲ್ಲ. ರತ್ನಳ ಕೂಸು ಪುಟ್ಟಿ ನಮ್ಮಲ್ಲೇ ಬೆಳೆದಳು. ಅವಳನ್ನು ಅಪ್ಪನ ಹತ್ತಿರ ಕರೆದೊಯ್ಯುವಾಗೆಲ್ಲ ಚಿಕ್ಕಜಾಜೂರಿಗೆ ಹೋಗಿ ರೈಲು ಹತ್ತುತ್ತಿದ್ದೆ. ಈ ಸಲ ಮಂಜ ತಾನೇ ಕಾರು ತಂದು, "ಅವ್ವ ಮಗೀನ ಒಂದ್ಸಲ ನೋಡ್ಬೇಕಂತೆ. ನೀನು ಇಳಿಬ್ಯಾಡ, ಕಾರಾಗೇ ಕುಂತಿರು," ಎಂದ. ಕಾರಿನಲ್ಲೇ ಕುಂತಿರುವುದೆಂದು ನಾನೂ ಹೊರಟಿದ್ದೆ. ಆದರೆ ಅತ್ತೆಯ ಮನೆ ಮುಂದೆ ಪುಟ್ಟಿ ನನ್ನ ಬೆರಳು ಬಿಡಲಿಲ್ಲ, ನಾನೂ ಇಳಿದು ಒಳಗೆ ಹೋದೆ.

ಅತ್ತೆ ಸೊರಗಿ ಹೋಗಿದ್ದಳು. ಬೀದಿಬಾಗಿಲು, ಕಿಟಕಿ ಎಲ್ಲ ಹಾರುಹೊಡೆದಿದ್ದವು. ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ ಇಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. "ಅವತ್ತು ದೂರ ನಿಂತಿದ್ದೋಳು ನಾನೊಬ್ಳೇ ಕಣೇ. ಅದಕ್ಕೆ ಉಳ್ಕಂಡೆ," ಎಂದಳು. ಪುಟ್ಟಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಮಂಜ, ಪಕ್ಕದ ಮನೆಯೋಳನ್ನ ಕರಿಯಪ್ಪ, ಮಗೀನ ಮಡ್ಲಿಗೆ ಹಾಕಿಸ್ತೀನಿ," ಎಂದಳು.

"ಯಾರನ್ನೂ ಕರೀಬ್ಯಾಡ ಅತ್ತೆ. ನೀನೇ ಹಾಕು," ಎಂದೆ.

ಅವಳು ನನ್ನ ಮುಖ ನೋಡಿದಳು. ಪುಟ್ಟಿಗೆ ಇದೆಲ್ಲ ಏನು ಗೊತ್ತು, ಬೆಲ್ಲ ಕಂಡು ಆಗಲೇ ಫ್ರಾಕು ಎತ್ತಿ ಹಿಡಿದಿದ್ದಳು. ಅತ್ತೆ ಹೊಸ್ತಿಲು ದಾಟಿ ಬಂದು, ಮೊಣಕಾಲೂರಿ ಕುಳಿತು, ಬೊಗಸೆಯಲ್ಲಿ ಅಕ್ಕಿ ತುಂಬಿ ಹಾಕಿದಳು. ಕೊಬ್ಬರಿ ಇಟ್ಟಳು. ಬೆಲ್ಲ ಇಡುವಾಗ ಕೈ ಅಲ್ಲೇ ನಿಂತಿತು.

"ಅವತ್ತೂ ನಾನೇ ಹಾಕ್ಬೋದಾಗಿತ್ತು," ಎಂದಳು ಅತ್ತೆ.